ಸೀಸೆಯೊಳಗಿನ ಗಂಡ

ಯಮನಮ್ಮ ಬರಿಗೈ ಎರಡನ್ನೂ ಮುಂದೆ ಚಾಚಿ, "ಹಸರ ಬಳಿ ಇಡು, ರಂಜಾನಬಿ" ಎಂದಾಗ, ಮಾನ್ವಿ ಸಂತೆಯಲ್ಲಿ ಬಳೆ ಬುಟ್ಟಿಯ ಸುತ್ತ ಕುಳಿತಿದ್ದ ಹೆಂಗಸರೆಲ್ಲ ತಂತಮ್ಮ ಕೈ ಹಿಂದಕ್ಕೆಳೆದುಕೊಂಡರು. ಅವಳ ಗಂಡ, ಕುರಿಗಾರ ಮಾಳಿಂಗಪ್ಪ, ಹೋದ ವರ್ಷ ಕುತ್ತಿಗೆಯ ಗಂಟಿನಿಂದ ಸತ್ತಿದ್ದ. ಅವನ ಮಣ್ಣಿನ ದಿನ ಇದೇ ಕೈಗಳ ಬಳೆ ಒಡೆದದ್ದು ಅವಳ ಊರಾದ ಕುರ್ಡಿಗೆಲ್ಲ ಗೊತ್ತಿತ್ತು.

"ಹುಚ್ಚು ಹಿಡದದೇನ್ ಯವ್ವಾ?" ಬಳೆಗಾರ್ತಿ ರಂಜಾನಬಿ ದನಿ ತಗ್ಗಿಸಿ ಕೇಳಿದಳು.

"ಅವ ಸತ್ತಿಲ್ಲ ಬೇ. ರಾಯಚೂರು ಡಾಕ್ಟ್ರು ಮುಂಜಾನಿ ಹೇಳ್ಯಾರ. ಆಪರೇಷನ್‌ದಾಗ ಕೊಯ್ದ ಗಂಟಿನ ಚೂರು, ರೋಗಕ್ಕ ಔಷಧಿ ಹುಡುಕಾಕ ಹೈದರಾಬಾದಿನ ಲ್ಯಾಬಿಗೆ ಕಳಿಸಿದ್ರಂತ. ಅಲ್ಲಿ ಗಾಜಿನ ಸೀಸಿದಾಗ ಇಟ್ಟು, ದಿನಾ ಉಣ್ಣಾಕ ಹಾಕತಾರಂತ. ಒಂದಿದ್ದದ್ದು ಎರಡಾಗಿ, ಎರಡಿದ್ದದ್ದು ನಾಕಾಗಿ ಇನ್ನೂ ಬೆಳಿಯಾಕತ್ತದ."

ಈ ಕೈ ರಂಜಾನಬಿಗೆ ಹೊಸದಲ್ಲ. ಮದುವೆಯ ಬಳೆ ತೊಡಿಸಿದವಳೇ ಅವಳು. ಈಗ ಗಂಡ ಸತ್ತವಳಿಗೆ ಬಳೆ ಇಟ್ಟಳೆಂದರೆ ನಾಳೆ ಯಾವ ಮುತ್ತೈದೆಯೂ ಅವಳ ಮುಂದೆ ಕೈ ಚಾಚಲಿಕ್ಕಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು? ಇಡದಿದ್ದರೆ, ಗಂಡ ಬದುಕಿದ್ದಾನೆಂದು ನಂಬಿ ಬಂದವಳನ್ನು ಬರಿಗೈಯಲ್ಲಿ ಕಳಿಸಿದ ಪಾಪ. ಅತ್ತ ದರಿ, ಇತ್ತ ಪುಲಿ. ಆದರೂ ಆ ಮುಖದಲ್ಲಿದ್ದ ಆಸೆ ನೋಡಿ ಅವಳು ಹಸಿರು ಬಳೆಗಳ ಗೊಂಚಲು ಬಿಚ್ಚಿದಳು. ಸೋಪಿನ ನೀರು ಸವರಿ, ಕೈ ಒತ್ತಿ ಒತ್ತಿ ಒಂದು ಬಳೆ ಏರಿಸತೊಡಗಿದಳು. ಪಕ್ಕದ ಹೆಂಗಸೊಬ್ಬಳು ಸೆರಗು ಝಾಡಿಸಿ ಎದ್ದು ಹೋದಳು.

ವರ್ಷವಿಡೀ ಕೂಲಿ ಮಾಡಿದ ಕೈ. ಗೆಣ್ಣು ದಪ್ಪಗಾಗಿ ಬಳೆ ಅಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಮೈದುನ ಗದ್ದೆಪ್ಪ ಮಂದಿಯನ್ನು ಸರಿಸುತ್ತ ಬಂದ. ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋಗಿದ್ದವನು ಅವನೇ.

"ಅತ್ತಿಗಿ, ತಗಿ ಅದನ್ನ! ಬದಿಕಿರೋದು ಅಣ್ಣ ಅಲ್ಲ. ಅಣ್ಣನ್ನ ತಿಂದ ರೋಗ."

"ರೋಗ ಬೆಳೆದದ್ದು ಯಾರ ಮೈಯಾಗ?"

"ಅಣ್ಣನ ಮೈಯಾಗ. ಅವನ ಮಾಂಸಾನೇ, ಖರೇ. ಆದ್ರ ಅದಕ್ಕ ಕಣ್ಣಿಲ್ಲ, ಮಾತಿಲ್ಲ. ನಿನ್ನ ಗುರ್ತ ಸೈತ ಇಲ್ಲ."

"ಕಡೀ ತಿಂಗಳು ಅವಂಗೂ ನನ್ನ ಗುರ್ತ ಇದ್ದಿಲ್ಲ. ಆಗ ನಾ ಮುತ್ತೈದಿ ಆಗಿದ್ದಿಲ್ಲೇನು?"

ಗದ್ದೆಪ್ಪನ ಸಿಟ್ಟು ಇಳಿಯಿತು. ಅವಳ ಎದುರು ಕುಕ್ಕರುಗಾಲಿನಲ್ಲಿ ಕುಳಿತ. "ಜೀವ ಅದ, ಅತ್ತಿಗಿ. ಆದ್ರ ಅವ ಇಲ್ಲ. ಅಣ್ಣ ಸತ್ತಾನ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಬಳೆ ಗೆಣ್ಣಿಗೇ ಸಿಕ್ಕಿದ್ದ ಕೈಯನ್ನು ರಂಜಾನಬಿಯ ಹಿಡಿತದಲ್ಲೇ ಬಿಟ್ಟು, ಯಮನಮ್ಮ ಮೈದುನನನ್ನೂ ಬಳೆಗಾರ್ತಿಯನ್ನೂ ಒಂದು ಸಲ ನೋಡಿದಳು.

"ಬದಿಕ್ಯಾನ ಅಂದ್ರ ನನಗ ಬಳಿ ಇಡ್ರಿ. ಸತ್ತಾನ ಅಂದ್ರ ಆ ಸೀಸಿದಾಗ ಉಳಿದಾವನ್ನ ತಂದು ಕೊಡ್ರಿ, ಮಣ್ಣು ಮಾಡ್ತೀನಿ."