ಮಾಪಿಳ್ಳೆ ಕಾರು

“ಅಣ್ಣಾ, ಬಾನೆಟ್ ಮುಟ್ಟಬೇಡೀಂಗ!”

ಅಯ್ಯಾಸಾಮಿ ಓಡಿಬಂದು ಚೆನ್ನಕೇಶವನ್‌ನ ಕೈ ಹಿಡಿದೇಬಿಟ್ಟ. ಚೆನ್ನಕೇಶವನ್‌ಗೆ ಅಲ್ಲೇ ಅನುಮಾನ ಹುಟ್ಟಿತು. ಕಾರು ಮಾರುವವನು ಬಾನೆಟ್ ತೆಗೆಯಲು ಬಿಡುವುದಿಲ್ಲವೆಂದರೆ ಏನರ್ಥ?

“ಹೂ ಕಟ್ಟಿ ಆಯ್ತಲ್ಲಣ್ಣಾ. ಇನ್ನು ಮಾಪಿಳ್ಳೆ ಏರಿ ಇಳಿಯೋವರೆಗೂ ಬಿಚ್ಚಬಾರ್ದು. ನಾಳೆ ಬೆಳಗ್ಗೆ ಬನ್ನೀಂಗ, ಆಸೆ ತೀರ ನೋಡೀಂಗ.”

ಅದೂ ನಿಜವೇ. ಸೋಮನೂರಿನ ಆ ಮನೆಯಲ್ಲಿ ಅಂದು ಅಯ್ಯಾಸಾಮಿಯ ಕೊನೆಯ ಮಗಳು ಮಲ್ಲಿಗಾಳ ಮದುವೆಯ ಸಡಗರ. ಸಂಜೆ ಮಾಪಿಳ್ಳೆಯನ್ನು, ಅಂದರೆ ಮದುಮಗನನ್ನು, ತೆರೆದ ಕಾರಿನಲ್ಲಿ ಕೂರಿಸಿ ವಾದ್ಯದೊಂದಿಗೆ ಕರೆತರಬೇಕು. ಕಾರಿನ ಮೈಮೇಲೆಲ್ಲ ಮಲ್ಲಿಗೆ, ಸೇವಂತಿಗೆ. ಕೆಂಪು ಬಣ್ಣ ಸಂದಿನಲ್ಲಿ ಇಣುಕುತ್ತಿತ್ತು.

ಚೆನ್ನಕೇಶವನ್‌ಗೆ ಕೊಯಮತ್ತೂರಿನಲ್ಲಿ ಪಂಪ್‌ಸೆಟ್ ವ್ಯಾಪಾರ. ವ್ಯಾಪಾರ ಹೊಟ್ಟೆಗೆ, ಹಳೆ ಕಾರು ಹುಚ್ಚಿಗೆ. ಇಂಗ್ಲೆಂಡಿನಲ್ಲಿ ತಯಾರಾದ ಈ ಎರಡು ಸೀಟಿನ ರೇಸ್ ಕಾರಿನ ಜಾತಕವನ್ನು ಅವನು ಹೆಣ್ಣು ಹುಡುಕುವವರಿಗಿಂತ ಜಾಗ್ರತೆಯಾಗಿ ಕಲೆಹಾಕಿದ್ದ. ವಾಲ್ಪಾರೆಯ ಚಹಾ ತೋಟದ ಬಿಳಿ ದೊರೆ ಹಡಗಿನಲ್ಲಿ ತರಿಸಿದ್ದು. ದೊರೆ ಊರಿಗೆ ಹೊರಟಾಗ ಸಿಂಗಾನಲ್ಲೂರಿನ ಒಬ್ಬ ಮಿಲ್ ಮಾಲೀಕರು ಕೊಂಡರು. ಗಾಳಿಗೆ ತಲೆಗೂದಲು ಕೆದರುತ್ತದೆಂದು ಅವರ ಹೆಂಡತಿ ಹಟ ಹಿಡಿದಳು. ಕಾರು ತಿರುಪ್ಪೂರಿನ ಬನಿಯನ್ ವ್ಯಾಪಾರಿ ಕುಪ್ಪಸಾಮಿಯ ಮನೆ ಸೇರಿತು. ಅಲ್ಲಿಂದ ಅಯ್ಯಾಸಾಮಿಗೆ.

“ವಿಚಿತ್ರ ಗಿರಾಕಿ ಅವ್ನು,” ಎಂದಿದ್ದ ಕುಪ್ಪಸಾಮಿ. “ಬಣ್ಣ ನೋಡ್ಲಿಲ್ಲ, ಸೀಟು ನೋಡ್ಲಿಲ್ಲ. ಕಣ್ಣು ಮುಚ್ಕೊಂಡು ಇಂಜಿನ್ ಸದ್ದು ಕೇಳ್ದ. ಸರಿ ಅಂದ.”

ಚೆನ್ನಕೇಶವನ್‌ಗೆ ಆ ಕಾಣದ ಮನುಷ್ಯನ ಮೇಲೆ ಪ್ರೀತಿಯೇ ಉಕ್ಕಿತ್ತು. ರಸಿಕನೆಂದರೆ ಇವನಪ್ಪಾ!

ಆದರೆ ಪ್ರೀತಿ ಬೇರೆ, ಪಂದ್ಯ ಬೇರೆ. ಹಳೆ ಕಾರುಗಳ ಸಂಘದಲ್ಲಿ ವೆಲ್ಲಿಂಗಿರಿ ಎಂಬವನು ಎಲ್ಲರ ಮುಂದೆ ನಕ್ಕಿದ್ದ. ಆ ಕಾರಿನ ಹುಟ್ಟು ಇಂಜಿನ್ ಎಂದೋ ಗುಜರಿಗೆ ಹೋಗಿರುತ್ತದೆ ಎಂದಿದ್ದ. ಚೆನ್ನಕೇಶವನ್ ಮೀಸೆ ತಿರುವಿ ಸವಾಲು ಹಾಕಿಬಿಟ್ಟಿದ್ದ: ಬರುವ ಭಾನುವಾರ ಅದೇ ಇಂಜಿನ್ನಿನ ಅದೇ ಕಾರನ್ನು ಸಂಘದ ಮೈದಾನಕ್ಕೆ ಓಡಿಸಿಕೊಂಡು ಬರುತ್ತೇನೆ, ಇಲ್ಲದಿದ್ದರೆ ಎಲ್ಲರೆದುರೇ ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆಯೋ, ತಾತನ ಕಾಲದಿಂದ ಮನೆತನದ ಆಸ್ತಿ. ನೆನೆದಾಗಲೆಲ್ಲ ಕೈ ಮೀಸೆಗೆ ಹೋಗುತ್ತಿತ್ತು.

“ಇಂಜಿನ್ ಹಳೇದೇ ಅಲ್ವಾ?” ಎಂದು ಕೇಳಿದ.

“ಹಳೇದೇಂಗ. ಬೇರೆದು ಹಾಕೇ ಇಲ್ಲ.”

“ಚೆನ್ನಾಗಿ ಓಡ್ತದಾ?”

“ಒಂದು ದಿನ ಮಕ್ಕರ್ ಮಾಡಿ ನಿಂತಿದ್ದಿಲ್ಲ. ಅನ್ನ ಹಾಕೋ ಸಾಮಿ ಅದು,” ಎಂದು ಅಯ್ಯಾಸಾಮಿ ಕೈಮುಗಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಎಂಬತ್ಮೂರರ ಬೇಸಿಗೆ; ಕರೆಂಟು ಇರುವುದೇ ವಿಶೇಷ. ಬೀದಿಯ ವಿದ್ಯುತ್ ಮಗ್ಗಗಳೆಲ್ಲ ಒಮ್ಮೆಲೇ ಮೌನವಾದವು. ಅಯ್ಯಾಸಾಮಿಯ ಶೆಡ್ಡಿನಲ್ಲಿ ಮಾತ್ರ ಏನೋ ಒಮ್ಮೆ ಕೆಮ್ಮಿ, ಗುರುಗುಟ್ಟಿ, ಮಗ್ಗಗಳು ಮತ್ತೆ ಲಟಪಟ ಶುರುಮಾಡಿದವು. ತಿರುಪ್ಪೂರಿನ ಆರ್ಡರು, ಮದುವೆ ಮನೆಯೆಂದು ನಿಲ್ಲಿಸುವಂತಿಲ್ಲ.

ಚೆನ್ನಕೇಶವನ್‌ನ ವ್ಯಾಪಾರಿ ಕಿವಿ ನಿಮಿರಿತು. “ಒಳ್ಳೆ ಇಂಜಿನ್ ಇಟ್ಟಿದ್ದೀರಿ. ನಮ್ಮ ಪಂಪ್‌ಸೆಟ್ ಒಂದೂ ಇಷ್ಟು ಮೆತ್ತಗೆ ಓಡಲ್ಲ.”

ಅಯ್ಯಾಸಾಮಿಯ ಮುಖ ಅರಳಿತು. “ನಿಮ್ಮಂಥವ್ರ ಬಾಯಲ್ಲಿ ಈ ಮಾತು ಬಂತಲ್ಲ, ಸಾಕು.” ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, “ಅಣ್ಣಾ, ನಿಮ್ಗೆ ಹೆಣ್ಮಕ್ಕಳುಂಟಾ?”

“ಇಬ್ರು.”

“ಹಂಗಾದ್ರೆ ತಕೊಂಡೋಗೀಂಗ. ನಮ್ಮನೇಲಿ ಇದೇ ಕೊನೆ ಕಲ್ಯಾಣ. ನಿಮ್ಗೆ ಉಪಯೋಗ ಆಗ್ತದೆ.”

ಸಂಜೆ ಮೆರವಣಿಗೆ ಹೊರಟಿತು. ನಾದಸ್ವರ, ತವಿಲು, ಪಟಾಕಿ. ಪಕ್ಕದವರ ಮಾತೂ ಕೇಳಿಸದು. ಅಯ್ಯಾಸಾಮಿಯೇ ಸ್ಟಿಯರಿಂಗ್ ಹಿಡಿದಿದ್ದ. ಪಕ್ಕದಲ್ಲಿ ಮದುಮಗ ದಂಡಪಾಣಿ ಬೆವರುತ್ತ ಕೂತಿದ್ದ. ಚೆನ್ನಕೇಶವನ್ ಬಾಗಿ ಬಾಗಿ ನೋಡಿದ. ಹೊಗೆಯಿಲ್ಲ, ನಡುಕವಿಲ್ಲ. ಇಷ್ಟು ನಿಧಾನ ಹೋದರೆ ಅವನ ಸ್ವಂತ ಅಂಬಾಸಿಡರ್ ಕೂಡ ಕುದಿದು ನಿಲ್ಲುತ್ತಿತ್ತು.

ಅಯ್ಯಾಸಾಮಿಯ ಹೆಂಡತಿ ಪಳನಿಯಮ್ಮಾಳ್ ನೆಂಟರ ಗುಂಪಿನಿಂದ ಕರೆದಳು. “ಅಣ್ಣಾ, ಸುಮ್ನೆ ನಡೀತೀರಲ್ಲ! ನೀವೂ ಕಾರಿಗೆ ಒಂದು ಕೈ ಇಡೀಂಗ. ಪೆಣ್ಣಿನ ಕಡೆಯವ್ರೆಲ್ಲ ಇಡ್ತಾರೆ.”

ತನ್ನನ್ನು ಮನೆಯವನೆಂದು ಎಣಿಸಿದರಲ್ಲ ಎಂದು ಚೆನ್ನಕೇಶವನ್‌ಗೆ ಕಣ್ಣು ತುಂಬಿ ಬಂತು. ಹೆಣ್ಣಿನ ಸೋದರಮಾವಂದಿರ ನಡುವೆ ತಾನೂ ಎರಡು ಕೈ ಇಟ್ಟ. ಪಿಳ್ಳೆಯಾರ್ ಗುಡಿಯ ಏರಿನಲ್ಲಿ ಎಲ್ಲರೂ ಉತ್ಸಾಹದಿಂದ ಮೈ ಒತ್ತಿದರು, ಅವನೂ ಒತ್ತಿದ. ಚಪ್ಪರ ಮುಟ್ಟುವಷ್ಟರಲ್ಲಿ ಅಂಗಿ ನೆನೆದು ತೊಪ್ಪೆಯಾಗಿತ್ತು. ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಪಳನಿಯಮ್ಮಾಳ್ ನೀಡಿದ ತಟ್ಟೆಯಿಂದ ವೀಳ್ಯ ತೆಗೆದುಕೊಂಡ. ಆ ಮನೆಗಳಲ್ಲಿ ವೀಳ್ಯ ಕೈಗೆ ಬಂದರೆ ಮಾತು ಮುಗಿಯಿತು, ಯಾರೂ ಹಿಂದೆ ಸರಿಯುವಂತಿಲ್ಲ.

ಮರುದಿನ ತಾಳಿ ಕಟ್ಟಿದ್ದಾಯಿತು, ಊಟವೂ ಆಯಿತು. ಚೆನ್ನಕೇಶವನ್ ಸೀಟಿನಲ್ಲಿ ರಾಜನಂತೆ ಕೂತು ಕೀಲಿ ತಿರುಗಿಸಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದ. ಬ್ಯಾಟರಿ ಇರಬೇಕೆಂದು ಇಳಿದು, ಬಾಡಿದ ಹೂವು ಸರಿಸಿ, ಬಾನೆಟ್ ಎತ್ತಿದ.

ಒಳಗೆ ಎರಡು ಬುಟ್ಟಿ ಸಣ್ಣ ಈರುಳ್ಳಿ.

“ಇಂಜಿನ್ ಎಲ್ಲಿ?” ಚೆನ್ನಕೇಶವನ್ ಎರಡೂ ಕೈಯಿಂದ ಮೀಸೆ ಹಿಡಿದುಕೊಂಡ.

“ನಿನ್ನೆ ನೀವೇ ಹೊಗಳಿದ್ರಲ್ಲಣ್ಣಾ, ಶೆಡ್ಡಲ್ಲಿ ಮಗ್ಗ ಓಡಿಸ್ತಾ ಇದೆ,” ಎಂದ ಅಯ್ಯಾಸಾಮಿ, ನಿಜಕ್ಕೂ ಬೆರಗಾಗಿ. “ಮಾಪಿಳ್ಳೆ ಕಾರಿಗೆ ಇಂಜಿನ್ ಯಾತಕ್ಕೆ? ಮಾವಂದಿರು ತಳ್ಳಿದ್ರೆ ಆಯ್ತು. ನಿನ್ನೆ ಏರಲ್ಲಿ ಎಲ್ರಿಗಿಂತ ಜೋರಾಗಿ ತಳ್ಳಿದವ್ರು ನೀವೇ ಅಲ್ವಾ!”