ಅತ್ತೆಗೊಂದು ಕೋಣೆ

ಹಳೇ ಟೈರು, ಮುರಿದ ಕುರ್ಚಿ, ಪೇಂಟ್ ಡಬ್ಬಗಳನ್ನೆಲ್ಲ ಹೊರಹಾಕಿಸಿ, ಮನೆಯ ಬೇಸ್‌ಮೆಂಟಿನಲ್ಲಿ ಅತ್ತೆಗೊಂದು ಕೋಣೆ ಮಾಡಿಸುತ್ತಿದ್ದ ವಿಶ್ವಂಭರನಿಗೆ ತನ್ನ ದೊಡ್ಡ ಮನಸ್ಸಿನ ಬಗ್ಗೆ ತನಗೇ ಹೆಮ್ಮೆ.

“ಗೋಡೇಲಿ ತೇವ ಇದೆ ಸಾರ್,” ಎಂದ ಗಾರೆಯವನು. “ವಾಟರ್‌ಪ್ರೂಫ್ ಮಾಡಿಸಿ, ಒಂದು ಕಿಟಕಿನೂ ಇಡೋಣ.”

“ಸುಣ್ಣ ಬಳಿದುಬಿಡು, ಸಾಕು. ಇಲ್ಲಿಗೇನು ಮಹಾರಾಣಿ ಬರ್ತಿದ್ದಾಳಾ?”

“ಅಮ್ಮನಿಗೆ ಉಬ್ಬಸ ಕಣ್ರೀ,” ಎಂದಳು ಹೆಂಡತಿ ಕುಸುಮಾ.

“ಐದು ಮಕ್ಕಳನ್ನ ಒಂದೇ ಕೋಣೇಲಿ ಸಾಕಿದೋರಿಗೆ ಈಗ ಗಾಳಿ ಬೇರೆ ಬೇಕಂತಾ?” ಎಂದು ಅವನು ನಕ್ಕ. ಗಾರೆಯವನೂ ನಗಲೆಂದು ಅವನ ಮುಖ ನೋಡಿದ. ಗಾರೆಯವನು ನಗಲಿಲ್ಲ.

ಕುಸುಮಾ ಮತ್ತೆ ಆ ಮಾತೆತ್ತಲಿಲ್ಲ. ತಾನೇ ಮುಂದೆ ನಿಂತು ಮಂಚ ಇಳಿಸಿದಳು, ಫ್ಯಾನ್ ಹಾಕಿಸಿದಳು. ಕೊನೆಗೂ ಇವಳಿಗೆ ಬುದ್ಧಿ ಬಂತು ಎಂದುಕೊಂಡ ವಿಶ್ವಂಭರ.

ಭಾನುವಾರ ಅತ್ತೆ ಏದುಸಿರು ಬಿಡುತ್ತ ಬಂದಿಳಿದರು. ಅವನು ಬಾಗಿಲಲ್ಲೇ ಅವರ ಚೀಲ ಎತ್ತಿಕೊಂಡ. “ಬನ್ನಿ ಅತ್ತೆ, ನಿಮ್ಮ ಕೋಣೆ ನೋಡಿ. ಎಷ್ಟು ತಂಪಾಗಿದೆ!” ಎನ್ನುತ್ತ ಕೆಳಗಿನ ಮೆಟ್ಟಿಲ ಕಡೆ ತಿರುಗಿದ.

“ಚೀಲ ಇಲ್ಲಿ ಕೊಡಿ,” ಎಂದಳು ಕುಸುಮಾ. “ಅಮ್ಮ ಮೇಲೆ ನನ್ನ ಜೊತೆ ಮಲಗ್ತಾರೆ. ಕೆಳಗೆ ನಿಮ್ಮ ಹಾಸಿಗೆ ಹಾಸಿಟ್ಟಿದ್ದೀನಿ.”