ಉಳಿದ ಮಡಿ

ರಾಣೆಬೆನ್ನೂರಿನ ಕಾಲೊನಿಯವರು ಕೂಡಿ ಬೆಳೆಸಿದ ತೋಟದಲ್ಲಿ ಹನ್ನೊಂದು ಮಡಿಗಳ ಗಿಡಗಳು ಸುಟ್ಟಂತೆ ಮುದುಡಿ ಬಿದ್ದಿದ್ದವು. ಗದಿಗೆವ್ವನ ಮಡಿಯೊಂದೇ ಹಸಿರಾಗಿ ನಿಂತಿತ್ತು. ಎಲ್ಲರ ಮಡಿಗೂ ನೀರು ಹಾಕುವ ಪಾಳಿ ಈ ವಾರ ಅವಳದೇ.

"ನಿಮ್ಮದೊಂದ ಹೆಂಗ ಉಳೀತ್ರಿ, ಗದಿಗೆವ್ವಕ್ಕ?" ತೋಟದ ಉಸ್ತುವಾರಿ ನಿರ್ಮಲಾ ಮೆಲ್ಲಗೇ ಕೇಳಿದಳು.

"ನೀರಿನ ಡ್ರಮ್ಮಿನಾಗ ಯಾರೋ ಕಸ ಸಾಯೂ ಎಣ್ಣಿ ಕಲಸಿಟ್ಟಿದ್ದು ನನಗ ಗೊತ್ತಿರಲಿಲ್ರಿ. ಪಾಳಿಯವರು ತಮ್ಮ ಮಡಿಗೆ ಕಡೀಕ ಹಾಕೂದಲ್ಲೇನ್ರಿ? ಅಷ್ಟರಾಗ ನಳ ಬಂತಂತ ಮನಿಗೆ ಓಡಿದೆ."

ಸುತ್ತ ನಿಂತವರು ನಂಬದೆ ಅವಳ ಹಸಿರು ಮಡಿಯತ್ತಲೇ ನೋಡಿದರು. ನೆರೆಮನೆಯ ದೇವವ್ವ ತನ್ನ ಬಾಡಿದ ಬದನೆ ಸಸಿಯನ್ನು ಕಿತ್ತು ಕೈಯಲ್ಲಿ ಹಿಡಿದೇ ನಿಂತಿದ್ದಳು.

ಗದಿಗೆವ್ವ ಡ್ರಮ್ಮನ್ನು ವಾಲಿಸಿ, ತಳದಲ್ಲಿ ಉಳಿದಿದ್ದ ಕಳೆನಾಶಕದ ನೀರನ್ನು ಕೊಡಕ್ಕೆ ಬಗ್ಗಿಸಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ, ಕಾಯಿ ಕೆಂಪಾಗತೊಡಗಿದ್ದ ತನ್ನ ಮೆಣಸಿನ ಗಿಡಗಳ ಬುಡಕ್ಕೆ ಒಂದೊಂದಾಗಿ ಹೊಯ್ಯುತ್ತ ಹೋದಳು.